ಬೇಕು ಎಂದು ಓದಿದ್ದು

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಲಿಫ್ಟು ಹತ್ತಿದರೆ ಕಿವಿ ಗುಂಯ್ ಎನ್ನುವಷ್ಟು ಎತ್ತರದ ಒಂದು ಫ್ಲ್ಯಾಟಿನಲ್ಲಿ, ನಾನು ಇಂಗ್ಲೆಂಡಿನ ಪ್ರೊಫೆಸರ್ ಒಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಹದಿನಾಲ್ಕು, ಹದಿನೈದರ ಮಾತು. ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮದುವೆಯಾದವರಲ್ಲ. ನಾನು ಅಲ್ಲೇ ಉಳಿದು ನೋಡಿಕೊಳ್ಳುವ ಹೋಮ್ ನರ್ಸ್. ಆ ಮನೆಯಲ್ಲಿ ನಾವಿಬ್ಬರೇ.

ಮಾತೂ ಹೋಗಿತ್ತು. ಇಂಗ್ಲಿಷಿನ ಹುಟ್ಟಿನ ಕಾಲದ ಭಾಷೆಯನ್ನು ಪಾಠ ಹೇಳಿದ ಮನುಷ್ಯನಿಗೆ ಉಳಿದದ್ದು ‘ಯೆಸ್’ ಎಂಬ ಒಂದೇ ಶಬ್ದ. ಚಹಾ ಬೇಕಾ ಎಂದರೆ ಯೆಸ್. ಬೇಡವಾ ಎಂದರೂ ಯೆಸ್. ನೋವಿಗೂ ಅದೇ, ನಗುವಿಗೂ ಅದೇ. ತಲೆಯಾಡಿಸುವುದೂ ಹಾಗೇ, ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಅವರಿಗೆ ನಮ್ಮ ಮಾತು ಬಹಳ ಮಟ್ಟಿಗೆ ಅರ್ಥವಾಗುತ್ತದೆ, ಆದರೆ ನಾಲಿಗೆ ಏನನ್ನು ಹೇಳಹೊರಟರೂ ಕೊನೆಗೆ ಅದನ್ನೇ ಹೇಳುತ್ತದೆ, ಅದರ ಮೇಲೆ ಅವರ ಹಿಡಿತವಿಲ್ಲ ಎಂದು ವೈದ್ಯರು ತಿಳಿಸಿದ್ದರು.

ನನ್ನ ಅವಸ್ಥೆಯೂ ಬೇರೆಯೇನಲ್ಲ. ನಮ್ಮ ಮನೆಮಾತು ಕೊಂಕಣಿ. ಕನ್ನಡ ಮಾತಾಡಲು ಕಲಿತದ್ದು ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹಿರಿಯ ಹೆಂಗಸರಿಂದ. ಮೊರದಲ್ಲಿ ಎಲೆ, ಮಡಿಲಲ್ಲಿ ಹೊಗೆಸೊಪ್ಪು, ಬಾಯಲ್ಲಿ ಊರ ಕಥೆ. “ಮಾತು ಅಂದ್ರೆ ಬೀಡಿ ಎಲೆಯ ಹಾಗೆ ಮಗಾ, ನೀರು ಚಿಮುಕಿಸಿ ಇಡ್ಬೇಕು. ಇಲ್ದಿದ್ರೆ ಒಣಗಿ ಒಡೀತದೆ” ಎನ್ನುತ್ತಿದ್ದರು. ಅಲ್ ರೀಮಿನಲ್ಲಿ ನೀರು ಚಿಮುಕಿಸುವವರು ಯಾರೂ ಇರಲಿಲ್ಲ. ನಾನು ಕುಕ್ಕರಿನ ಹತ್ತಿರ ಕನ್ನಡ ಮಾತಾಡುತ್ತಿದ್ದೆ. ಅದು ಸೀಟಿ ಹೊಡೆದು ಉತ್ತರ ಕೊಡುತ್ತಿತ್ತು.

ಪ್ರೊಫೆಸರರ ಮೇಜಿನ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಅದರಲ್ಲಿ ಹೆಬ್ಬೆರಳಗಲದ ಮರದ ಬಿಲ್ಲೆಗಳು, ಒಂದೊಂದರ ಮೇಲೆ ಒಂದೊಂದು ಗೀರು. ಕೈ ಸರಿಯಿದ್ದಾಗ ಅವರೇ ಕೊರೆದದ್ದಂತೆ. ಅವನ್ನು ರೂನ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಅವರ ಪುಸ್ತಕಗಳಿಂದ. ದಿನಾ ಸ್ವಲ್ಪ ಓದಿ ಕೇಳಿಸಿ, ಕಿವಿಗೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ನನ್ನ ಉಡುಪಿ ಇಂಗ್ಲಿಷಿನಲ್ಲಿ ನಾನು ಓದುತ್ತಿದ್ದೆ. ತಪ್ಪು ಉಚ್ಚರಿಸಿದಾಗ ಅವರ ಎಡಹುಬ್ಬು ಏರುತ್ತಿತ್ತು. ಪಾಠ ಹೇಳಿದವರಲ್ಲವೇ, ಹುಬ್ಬಿಗೆ ಏನೂ ಆಗಿರಲಿಲ್ಲ.

ಹಾಗೆ ಓದಿಯೇ ನನಗೆ ಅಷ್ಟಿಷ್ಟು ತಿಳಿಯಿತು. ಆಂಗ್ಲೋ-ಸ್ಯಾಕ್ಸನ್ನರು ಎಂದರೆ ಇಂಗ್ಲಿಷರ ಹಳೆಯ ಹಿರಿಯರು. ಕಡಲು ದಾಟಿ ಆ ದ್ವೀಪಕ್ಕೆ ಬಂದರು, ಬರುವಾಗ ಈ ಲಿಪಿಯನ್ನೂ ತಂದರು. ಹೊಸ ನೆಲದಲ್ಲಿ ನಾಲಿಗೆ ಹೊರಳುವ ಬಗೆ ಬದಲಾಯಿತು, ಅದಕ್ಕೆ ತಕ್ಕ ಹಾಗೆ ಹೊಸ ಅಕ್ಷರಗಳನ್ನೂ ಸೇರಿಸಿಕೊಂಡರು. ಗಲ್ಫಿಗೆ ಬಂದ ನಾವು ಅರಬಿಯ ಯಲ್ಲಾ, ಖಲಾಸ್ ಎಂದು ಸೇರಿಸಿಕೊಂಡ ಹಾಗೆ. ಕತ್ತಿಯ ಮೇಲೆ, ಉಂಗುರದ ಮೇಲೆ, ತಿಮಿಂಗಿಲದ ಮೂಳೆಯ ಪೆಟ್ಟಿಗೆಯ ಮೇಲೆ ಕೊರೆದರು. ಕ್ರೈಸ್ತರಾದ ಮೇಲೆ ಕಲ್ಲಿನ ಶಿಲುಬೆಯ ಮೇಲೂ ಕೊರೆದರು, ಅದು ನನಗೆ ಬಹಳ ಇಷ್ಟವಾಯಿತು. ರೂನಿನಲ್ಲಿ ದುಂಡನೆಯ ಗೆರೆಯೇ ಇಲ್ಲ, ಎಲ್ಲ ನೇರ ಗೀಟು, ಓರೆ ಗೀಟು. ಮರದ ನಾರಿನಲ್ಲಿ ದುಂಡಗೆ ಕೊರೆಯುವುದು ಕಷ್ಟ. ನಮ್ಮದು ತಿರುಗಾಮುರುಗ: ತಾಳೆಗರಿಯ ಮೇಲೆ ನೇರ ಗೀಟು ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಕನ್ನಡ ಜಿಲೇಬಿಯ ಹಾಗೆ ಸುತ್ತಿಕೊಂಡಿತು ಎನ್ನುತ್ತಾರೆ.

ರೂನ್ ಎಂಬ ಶಬ್ದಕ್ಕೆ ಗುಟ್ಟು, ಪಿಸುಮಾತು ಎಂಬ ಅರ್ಥವಿತ್ತಂತೆ. ಇನ್ನೂ ಹಿಂದೆ, ಉತ್ತರದ ಕಾಡಿನ ಜನ ಕಾಯಿಬಿಡುವ ಮರದ ಕೊಂಬೆ ಕಡಿದು, ಚೂರುಗಳಿಗೆ ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲಿ, ಆಕಾಶ ನೋಡಿ ಮೂರನ್ನು ಎತ್ತಿ ಶಕುನ ಹೇಳುತ್ತಿದ್ದರು ಎಂದು ರೋಮಿನವನೊಬ್ಬ ಬರೆದಿಟ್ಟಿದ್ದಾನೆ. ಆ ಗುರುತುಗಳು ರೂನುಗಳೇ ಹೌದೋ ಅಲ್ಲವೋ ಹೇಳುವವರಿಲ್ಲ. ಆಂಗ್ಲೋ-ಸ್ಯಾಕ್ಸನ್ನರು ರೂನು ಹಾಕಿ ಭವಿಷ್ಯ ನೋಡುತ್ತಿದ್ದರು ಎನ್ನಲು ಗಟ್ಟಿ ಆಧಾರ ಕಡಿಮೆ, ಅಂಗಡಿಯಲ್ಲಿ ಸಿಗುವ ಶಕುನದ ಚೀಲಗಳೆಲ್ಲ ಈಚಿನವು, ಇದು ಮೊದಲು ಬರೆಯುವ ಲಿಪಿ ಎಂದು ಪ್ರೊಫೆಸರರ ಪುಸ್ತಕ ಹೇಳುತ್ತಿತ್ತು. ಆ ಸಾಲನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಓದಿದೆ, ಅಷ್ಟೆ.

ಏಕೆಂದರೆ ಪ್ರತಿ ರೂನಿಗೂ ಒಂದು ಹೆಸರಿತ್ತು, ಹೆಸರಿಗೊಂದು ಅರ್ಥವಿತ್ತು. ವಿದ್ಯಾರ್ಥಿಗಳಿಗೆಂದು ಅವರು ಮಾಡಿದ್ದ ಒಂದು ಹಾಳೆ ಗೋಡೆಯ ಮೇಲಿತ್ತು: ಸೂರ್ಯ, ಆಲಿಕಲ್ಲು, ಕುದುರೆ, ಮುಳ್ಳು, ಮನುಷ್ಯ, ಮಂಜುಗಡ್ಡೆ. ಇಷ್ಟು ಚಂದದ ಅರ್ಥ ಎದುರಿಗಿರುವಾಗ ಅಕ್ಷರವನ್ನು ಯಾರು ನೋಡುತ್ತಾರೆ? ನಮ್ಮ ಬೀಡಿಯ ಹೆಂಗಸರಲ್ಲಿ ಒಬ್ಬರು ವೀಳ್ಯದೆಲೆ ನೋಡಿ ತಾಂಬೂಲ ಪ್ರಶ್ನೆ ಹೇಳುತ್ತಿದ್ದವರು. ಅವರ ಕಾಲ ಬುಡದಲ್ಲಿ ಕೂತು ಬೆಳೆದವಳು ನಾನು.

ಬೆಳಿಗ್ಗೆ ಗಂಜಿ ಕುಡಿಸಿದ ಮೇಲೆ ಬಿಳಿ ಟವೆಲ್ ಹಾಸಿ ಬಿಲ್ಲೆಗಳನ್ನು ಹರಡುತ್ತಿದ್ದೆ. ಎಡಗೈಗೆ ಅದೊಂದು ವ್ಯಾಯಾಮ. ಅವರು ಎತ್ತಿದ್ದಕ್ಕೆ ಹಾಳೆ ನೋಡಿ ನಾನು ಅರ್ಥ ಹೇಳುತ್ತಿದ್ದೆ. ಸೂರ್ಯ ಬಂದರೆ ಪರದೆ ಸರಿಸುವುದು. ಆಲಿಕಲ್ಲು ಬಂದರೆ ಎಸಿ ಕಡಿಮೆ ಮಾಡುವುದು. ಕುದುರೆ ಬಂದರೆ ವೀಲ್‌ಚೇರಿನಲ್ಲಿ ಕೂರಿಸಿ ಕೆಳಗೆ ಕಡಲಿನ ಬದಿಗೆ ಹೋಗುವುದು. “ಇವತ್ತು ಕುದುರೆ ಸಿಕ್ಕಿತು ಸರ್, ನಡೀರಿ” ಎಂದರೆ ಅವರು ‘ಯೆಸ್’ ಎಂದು ನಗುತ್ತಿದ್ದರು. ಆ ಮನೆಯಲ್ಲಿ ನನಗೆ ಇದ್ದ ಸಂಗಾತಿ ಆ ಆಟವೇ.

ಅವರಿಗೆ ಒಬ್ಬ ತಂಗಿ, ಇಂಗ್ಲೆಂಡಿನಲ್ಲಿ. ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ನಾನು ಸ್ಪೀಕರ್ ಹಾಕಿ ಮೇಜಿನ ಮೇಲೆ ಇಡುತ್ತಿದ್ದೆ. ಪ್ರೊಫೆಸರರಿಗೆ ಇಲ್ಲಿಯ ಯೂನಿವರ್ಸಿಟಿ ಕೊಟ್ಟಿದ್ದ ಕೆಲಸದ ವೀಸಾ ಮುಗಿಯುತ್ತ ಬಂದಿತ್ತು, ಮುಗಿದ ಮೇಲೆ ಇಲ್ಲಿ ಇರುವಂತಿಲ್ಲ. ತಂಗಿ ಅಲ್ಲಿ ಒಂದು ಆರೈಕೆಯ ಆಶ್ರಮ ಗೊತ್ತುಮಾಡುತ್ತಿದ್ದರು. “ತೋಟ ಇದೆ, ನಿನಗೊಂದು ಬೇರೆ ಕೋಣೆ. ನನಗೆ ಇಷ್ಟವಾಯಿತು. ನಿನಗೆ ಒಪ್ಪಿಗೆಯಾ?” ಎಂದು ಕೇಳುತ್ತಿದ್ದರು.

“ಯೆಸ್” ಎನ್ನುತ್ತಿದ್ದರು ಇವರು.

“ಹಾಗಾದರೆ ಮುಂದುವರಿಯಲಾ?”

“ಯೆಸ್. ಯೆಸ್.”

ಆಮೇಲೆ ಅವರ ಎಡಗೈ ಚೀಲಕ್ಕೆ ಹೋಗುತ್ತಿತ್ತು. ತಡಕಿ, ಹುಡುಕಿ, ಎರಡು ಬಿಲ್ಲೆ ಹೊರಗಿಡುತ್ತಿತ್ತು. ಯಾವಾಗಲೂ ಅವೇ ಎರಡು. ಒಂದು, ನೆಟ್ಟ ಗೀಟಿನ ನಡುವೆ ಓರೆಯಾಗಿ ಹಾದ ಸಣ್ಣ ಗೀಟು. ಹೆಸರು ನ್ಯೂಡ್, ಅರ್ಥ ಕೊರತೆ, ಬೇಕು ಎನ್ನುವ ಸಂಕಟ. ಇನ್ನೊಂದು, ನೆಟ್ಟ ಗೀಟಿಗೆ ಬಲಕ್ಕೆ ಎರಡು ಕೊಂಬೆ, ತುದಿಯಲ್ಲಿ ಕೊಕ್ಕೆ; ಹೆಸರು ಓಸ್, ಅರ್ಥ ದೇವರು ಎಂದು ಕೆಲವರು, ಬಾಯಿ ಎಂದು ಕೆಲವರು.

ಮೊದಲು ನಾನು ‘ದೇವರು ಬೇಕು’ ಎಂದು ಓದಿದೆ. ಜಪಮಾಲೆ ಹಿಡಿದು ಅವರ ಪಕ್ಕ ಕೂತು ಒಂದು ಸುತ್ತು ಪ್ರಾರ್ಥನೆ ಮುಗಿಸಿದೆ. ಅವರು ಗೋಡೆ ನೋಡುತ್ತಿದ್ದರು. ಇದಲ್ಲ ಎಂದುಕೊಂಡು ಮರುಸಲ ‘ಬಾಯಿಗೆ ಬೇಕು’ ಎಂದು ಓದಿದೆ. ಫೋನಿನಲ್ಲಿ ಮಾತಾಡಿ ಗಂಟಲು ಒಣಗಿರಬೇಕು, ಪಾಪ ಎಂದು ನೀರು ಕೊಟ್ಟೆ. ಕುಡಿದರು. ಅದೇ ರೂಢಿಯಾಯಿತು. ತಂಗಿಯ ಫೋನು, ಎರಡು ಬಿಲ್ಲೆ, ಒಂದು ಲೋಟ ನೀರು. ಒಂದು ದಿನ ಲೋಟವನ್ನು ದೂಡಿದರು, ನೀರು ಟವೆಲಿಗೆಲ್ಲ ಚೆಲ್ಲಿತು. ಆ ದಿನ ಚಹಾ ಮಾಡಿ ಕೊಟ್ಟೆ. ಅವರು ನನ್ನನ್ನೇ ನೋಡುತ್ತ, ಒಂದೊಂದೇ ಗುಟುಕು ಕುಡಿದರು.

ಗುರುವಾರ ಸಂಜೆ ಬದಲಿಯವಳು ಬಂದ ಮೇಲೆ ನಾನು ಬಸ್ಸು ಹಿಡಿದು ದುಬೈಗೆ, ಅಲ್ ನಹ್ದಾದ ಕೋಣೆಗೆ ಹೋಗುತ್ತಿದ್ದೆ. ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಸಂಜೆಗೆ ವಾಪಸು. ಕೋಣೆಯಲ್ಲಿ ಜೊತೆಗಿದ್ದವಳು ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ವಾರದ ಕನ್ನಡವನ್ನೆಲ್ಲ ನಾನು ಅವಳ ಮೇಲೆ ಸುರಿಯುತ್ತಿದ್ದೆ. ರೂನಿನ ಸಂಗತಿ ಹೇಳಿದಾಗ ಅವಳು ಮೀನು ಹುರಿಯುತ್ತಿದ್ದಳು.

“ಮಾರಾಯ್ತಿ, ಮೆಲ್ಲ ಹೇಳಿ” ಎಂದಳು. “ಶಕುನ, ಮಾಟ ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾದ್ರೆ ನಿಮ್ಮ ವೀಸಾ ಖಲಾಸ್.”

“ಮಾಟ ಎಂತದ್ದು? ಅವರು ಬಿಲ್ಲೆ ಇಡ್ತಾರೆ, ನಾನು ಅರ್ಥ ಹೇಳ್ತೇನೆ.” ಕೊರತೆ, ಬಾಯಿ, ನೀರಿನ ಲೋಟ, ಎಲ್ಲ ಹೇಳಿದೆ.

“ಬಾಯಮ್ಮನಿಗೆ ಎಲ್ಲ ಕಡೆ ಬಾಯಿಯೇ ಕಾಣುವುದು.” ನಮ್ಮ ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ, ಅವಳು ನನ್ನನ್ನು ಹಾಗೇ ಕರೆಯುತ್ತಿದ್ದಳು. “ನೀರು ಕುಡಿಸಿ ಕುಡಿಸಿ ಅವರನ್ನು ತೆಂಗಿನ ಮರ ಮಾಡಿದ್ರಿ. ನಿಮ್ಮ ಕೈಯಲ್ಲಿ ಅ ಕೊಟ್ರೆ ಅಗಸನಿಗೆ ಬಟ್ಟೆ ಹಾಕಿ ಬರುವವರು ನೀವು.”

ನಗಲಿಕ್ಕೆ ಬಾಯಿ ತೆರೆದವಳು ಹಾಗೇ ಕೂತೆ.

ಅ ಅಗಸ, ಆ ಆನೆ. ಬಾಲವಾಡಿಯಲ್ಲಿ ಕಲಿತದ್ದು. ಅಗಸ ಇರುವುದು ಅ ನೆನಪಿರಲಿ ಎಂದು. ಅ ಎಂದು ಬರೆದವನಿಗೆ ಅಗಸನ ಹಂಗಿಲ್ಲ. ನ್ಯೂಡ್ ಇರುವುದು ‘ನ್’ ಎಂಬ ಸದ್ದಿಗೆ. ಓಸ್ ಇರುವುದು ‘ಓ’ ಎಂಬ ಸದ್ದಿಗೆ.

ನೋ.

“ಎಂತ ಆಯ್ತು? ಮುಳ್ಳು ಸಿಕ್ಕಿತಾ?” ಎಂದಳು ಅವಳು.

“ಅವರು ಬೇಡ ಅಂತ ಹೇಳ್ತಾ ಇದ್ದಾರೆ. ನಾನು ಬೇಕು ಅಂತ ಓದಿ ನೀರು ಕೊಡ್ತಾ ಇದ್ದೇನೆ” ಎಂದೆ. ಅವಳು ಒಲೆ ಆರಿಸಿ ಬಂದು ನನ್ನ ಪಕ್ಕ ಕೂತಳು.

ಅಬುಧಾಬಿಯ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ನೋ ತಿರುಗಿತು. ಏನಕ್ಕೆ ನೋ? ಇಂಗ್ಲೆಂಡಿಗೇ ನೋ ಇರಬೇಕು ಎಂದು ನಿಶ್ಚಯ ಮಾಡಿದೆ. ಇಲ್ಲೇ ಇರುತ್ತಾರೆ, ಹೇಗಾದರೂ ವೀಸಾ ಆಗುತ್ತದೆ, ಬೆಳಿಗ್ಗೆ ಟವೆಲ್ ಹಾಸುತ್ತೇನೆ ಎಂದು ಮನಸ್ಸು ಮಂಡಿಗೆ ತಿನ್ನುತ್ತಿತ್ತು.

ಮರುದಿನ ತಂಗಿಯ ಫೋನು ಬಂತು. ಆಶ್ರಮದವರು ಕೋಣೆ ಹಿಡಿದಿಡಬೇಕಾದರೆ ಆ ದಿನವೇ ಮಾತು ಕೊಡಬೇಕಂತೆ. “ಕೊನೆಯ ಸಲ ಕೇಳುತ್ತಿದ್ದೇನೆ, ಒಪ್ಪಿಗೆ ತಾನೇ?” ಎಂದರು. ಪ್ರೊಫೆಸರ್ ‘ಯೆಸ್’ ಎಂದರು. ಎಡಗೈ ಚೀಲಕ್ಕೆ ಹೋಯಿತು. ಎರಡು ಬಿಲ್ಲೆ ಹೊರಗೆ ಬಂದವು.

ನಾನು ಫೋನಿನ ಹತ್ತಿರ ಬಾಗಿದೆ. “ಮೇಡಂ, ಕ್ಷಮಿಸಿ. ಬಾಯಿ ಯೆಸ್ ಅನ್ನುತ್ತದೆ. ಕೈ ನೋ ಅಂತ ಬರೆಯುತ್ತಿದೆ.”

“ಬರೆಯುವುದೆಂದರೆ? ಅವನಿಗೆ ಪೆನ್ನು ಹಿಡಿಯಲಿಕ್ಕೇ ಆಗುವುದಿಲ್ಲವಲ್ಲ.”

“ರೂನಿನಲ್ಲಿ, ಮೇಡಂ. ಬಹಳ ದಿನದಿಂದ ಬರೆಯುತ್ತಿದ್ದಾರೆ. ನನಗೆ ಓದಲಿಕ್ಕೆ ಬರಲಿಲ್ಲ.”

ಪ್ರೊಫೆಸರ್ ನನ್ನ ಕಡೆ ತಿರುಗಿದರು. ಎಡಗಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತು. ಅದನ್ನು ಒರೆಸಲೂ ನನಗೆ ಧೈರ್ಯ ಬರಲಿಲ್ಲ.

ಆಮೇಲೆ ತಂಗಿ, ಬೇರೆಯೇ ದನಿಯಲ್ಲಿ, ಒಂದೊಂದೇ ಕೇಳತೊಡಗಿದರು. ಕೈ ಏನು ಮಾಡಿತೆಂದು ನಾನು ಹೇಳಬೇಕು. ಬಾಯಿಯ ಮಾತು ಲೆಕ್ಕಕ್ಕಿಲ್ಲ.

“ಇಂಗ್ಲೆಂಡಿಗೆ ಬರುವುದು ಬೇಡವಾ?”

“ಯೆಸ್” ಎಂದರು ಅವರು. ಬಿಲ್ಲೆಗಳನ್ನು ಕೈಯಿಂದ ಸರಿಸಿ ಚೀಲದ ಹತ್ತಿರ ದೂಡಿದರು.

ನನ್ನ ಮನಸ್ಸಿನ ಮಂಡಿಗೆ ಅಲ್ಲಿಗೆ ಮುಗಿಯಿತು. ಆದರೆ ಕಂಡದ್ದನ್ನು ಹೇಳಬೇಕಲ್ಲ. “ಬರುವುದಕ್ಕೆ ಅಡ್ಡಿ ಇಲ್ಲ ಅಂತ ಕಾಣುತ್ತದೆ, ಮೇಡಂ. ಬಿಲ್ಲೆ ತೆಗೆದರು.”

“ಆ ಆಶ್ರಮ?”

ಕೈ ಮತ್ತೆ ಬಂತು. ಕೊಕ್ಕೆಯ ಬಿಲ್ಲೆ ಕೆಳಗೆ ಬಿತ್ತು, ನಾನು ಹೆಕ್ಕಿ ಕೊಟ್ಟೆ. ಜೋಡಿಸಿ ಇಟ್ಟರು. “ನೋ ಅಂತ ಇಟ್ಟಿದ್ದಾರೆ.”

ತಂಗಿ ಉಸಿರು ಬಿಟ್ಟದ್ದು ಕೇಳಿತು. “ನನ್ನ ಮನೆ ಇಲಿಯ ಬಿಲದಷ್ಟು. ಮೆಟ್ಟಿಲು ಕಡಿದು. ನನ್ನ ಮೊಣಕಾಲೂ ಸರಿಯಿಲ್ಲ, ದಿನವಿಡೀ ಗೊಣಗುತ್ತೇನೆ, ಅದು ನಿನಗೆ ಗೊತ್ತೇ ಇದೆ. ಅಲ್ಲಿಗೆ ಬರುತ್ತೀಯಾ?”

“ಯೆಸ್.”

ಆಕೆ ಕಾದರು. ನಾನೂ ಕಾದೆ. ಕೈ ಟವೆಲಿನ ಮೇಲೆ ಅಂಗಾತ ಮಲಗಿತ್ತು.

“ಕೈ ಏನು ಮಾಡುತ್ತಿದೆ?” ಎಂದರು.

“ಏನೂ ಇಲ್ಲ, ಮೇಡಂ. ಸುಮ್ಮನಿದೆ.”

“ಸರಿ” ಎಂದರು ತಂಗಿ. ಮೂಗು ಒರೆಸಿಕೊಂಡ ಸದ್ದು. “ಮಂಚವನ್ನು ಕೆಳಗಿನ ಕೋಣೆಗೆ ಇಳಿಸುತ್ತೇನೆ.”

ಅವರನ್ನು ಕರೆದೊಯ್ಯಲು ತಂಗಿಯೇ ಬಂದರು, ಕೋಲೂರಿಕೊಂಡು. ಇಬ್ಬರಿಗೂ ಒಂದೇ ಥರದ ಹುಬ್ಬು. ವಿಮಾನ ನಿಲ್ದಾಣದಲ್ಲಿ ನರ್ಸಿಗೆ ಒಳಗೆ ಹೋಗಲು ಒಂದು ಗೆರೆಯವರೆಗೆ ಮಾತ್ರ ಅವಕಾಶ. ಅಲ್ಲಿ ನಿಂತು ನಾನು ಅವರ ಶಾಲು ಸರಿಮಾಡಿದೆ, ಔಷಧಿಯ ಹೊತ್ತನ್ನು ತಂಗಿಗೆ ಮತ್ತೊಮ್ಮೆ ಹೇಳಿದೆ. ಇನ್ನೇನೋ ಹೇಳಬೇಕಿತ್ತು, ಅದು ಇಂಗ್ಲಿಷಿನಲ್ಲಿ ಬರಲಿಲ್ಲ. “ಹೋಗಿ ಬನ್ನಿ ಸರ್” ಎಂದೆ, ಕನ್ನಡದಲ್ಲಿ. ನಮ್ಮಲ್ಲಿ ಹೊರಟವರಿಗೆ ಬರಿ ಹೋಗಿ ಎನ್ನುವುದಿಲ್ಲ. ಅವರಿಗೆ ಏನು ಕೇಳಿಸಿತೋ.

ವೀಲ್‌ಚೇರ್ ದೂಡುವವನು ತಿರುಗಿಸಿಕೊಂಡು ಹೋದ. ನಾನು ಫ್ಲ್ಯಾಟಿನ ಬೀಗದ ಕೈ ಕೊಡಲು ಅಲ್ ರೀಮಿಗೆ ವಾಪಸಾದೆ. ಮಧ್ಯಾಹ್ನ ಅನ್ನಕ್ಕಿಡುವಾಗ ಅಭ್ಯಾಸಬಲದಲ್ಲಿ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದ್ದೆ. ಬೆಂದ ಮೇಲೆ ಗೊತ್ತಾಯಿತು. ಕಿಟಕಿಯ ಬಳಿ ಕೂತು ಪೂರ್ತಿ ನಾನೇ ಉಂಡೆ.