ದಿನಕ್ಕೊಂದು ಪದ

ಜುಲೈ ಎಂಟು, ಬೆಳಿಗ್ಗೆ ಹತ್ತು ಗಂಟೆ. ಅಫಜಲಪುರದ ನಮ್ಮ ಮನೆಯ ಕಟ್ಟೆಯ ಮೇಲೆ ನಾನು ಮತ್ತು ಬಳೆಗಾರ್ತಿ ಇಬ್ಬರೇ ಇದ್ದೆವು. ನರ್ಸಿಂಗ್ ಓದುತ್ತಿದ್ದ ಆಕೆಯ ಮಗಳು ಜ್ವರದಿಂದ ತೀರಿಕೊಂಡಿದ್ದಳು. ಅರ್ಥ ಹುಡುಕಬೇಕೆಂದು ಮಗಳು ಬರೆದಿಟ್ಟಿದ್ದ ಇಂಗ್ಲಿಷ್ ಪದಗಳ ನೋಟ್‌ಬುಕ್ ಹಿಡಿದು ಆಕೆ ದಿನಾ ಬರುತ್ತಿದ್ದಳು. ನಾನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳುತ್ತಿದ್ದೆ.

ಒಮ್ಮೆ ‘ಮಸಲ್’ ಬಂತು. ಸ್ನಾಯು ಎಂಬ ಅರ್ಥದ ಕೆಳಗೆ, ಆ ಪದದ ಮೂಲ ‘ಪುಟ್ಟ ಇಲಿ’ ಎಂದಿತ್ತು. ಆಕೆ ನಕ್ಕು, ತೋಳು ಮಡಚಿ ಒತ್ತಿ ನೋಡಿಕೊಂಡಳು.

“ಖರೇನ ಅದರಿ ಮಾಸ್ತರ. ಬಳಿ ಏರಿಸುವಾಗ ಈ ಇಲಿ ಓಡಾಡ್ತದ.”

ಇನ್ನೊಂದು ನೋಡೋಣವೇ ಎಂದರೆ, “ಇವತ್ತಿಗಿ ಒಂದ ಸಾಕ್ರಿ” ಎಂದು ಏಳುತ್ತಿದ್ದಳು.

ಕೆಲಸ ಬಾಕಿ ಉಳಿಸುವುದು ನನಗೆ ಆಗದು. ಏಳನೆಯ ತಾರೀಖಿನ ಸಂಜೆ ನೋಟ್‌ಬುಕ್ ಕೇಳಿ ಇಟ್ಟುಕೊಂಡು, ಉಳಿದ ನಲವತ್ತು ಪದಗಳಿಗೂ ಪೆನ್ಸಿಲಿನಿಂದ ಅರ್ಥ ಬರೆದೆ. ಮರುದಿನ, ಎಂಟರಂದು ಬೆಳಿಗ್ಗೆ, ಆಕೆಯ ಕೈಗಿಟ್ಟೆ. ಓದಲು ಬಾರದಿದ್ದರೂ ಹಾಳೆ ತುಂಬಿದ್ದು ಆಕೆಗೆ ಕಂಡಿತು. ಕೊನೆಯ ಸಾಲಿನವರೆಗೂ ಬೆರಳಾಡಿಸಿದಳು.

“ಎಲ್ಲಾ ಮುಗಿಸಿಬಿಟ್ರೇನ್ರಿ? ನಾಳಿಗಿ ಆಕಿದು ಏನೂ ಉಳೀಲಿಲ್ಲಲ್ರಿ.”

ಬಳೆಯ ಬುಟ್ಟಿ ಎತ್ತಿಕೊಂಡು ಹೊರಟಳು. ನೋಟ್‌ಬುಕ್ ನನ್ನ ಮುಂದೆಯೇ ಉಳಿಯಿತು.

ಸಂಜೆ ಆರಕ್ಕೆ, ನಲವತ್ತನೆಯ ಅರ್ಥವನ್ನೂ ರಬ್ಬರಿನಿಂದ ಅಳಿಸಿ ಮುಗಿಸಿದೆ.