ಭಾವನಿಗೆ ಕೊಟ್ಟ ಗಿಡ್ಡ ರಾಡು

ಸಮುದ್ರದಲ್ಲಿ ಗಾಳ ಹಾಕುವ ರಾಡು ಎಂದು ಹೇಳಿ ನನ್ನ ಭಾವನ ಕೈಗೆ ನಾನು ಡ್ಯಾಮಿನ ರಾಡು ಕೊಟ್ಟೆ. ತಿಳಿಯದೆ ಕೊಟ್ಟದ್ದಲ್ಲ — ತಿಳಿದೇ ಕೊಟ್ಟೆ. ಆಮೇಲೆ ಆದದ್ದಕ್ಕೆಲ್ಲ ಆ ರಾಡು ಕಾರಣವೋ, ನಾನು ಕಾರಣವೋ, ಅಥವಾ ಎರಡೂ ಅಲ್ಲದೆ ಆಗಬೇಕಾದದ್ದೇ ಆಯಿತೋ — ಇದನ್ನು ಬರೆಯಲು ಕೂತಿರುವ ಈ ಹೊತ್ತಿಗೂ ನನಗೆ ತಿಳಿಯುತ್ತಿಲ್ಲ. ಆದರೆ ಕೊಟ್ಟವನು ನಾನೇ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುತ್ತಾ ಹೋದಂತೆ ನಾನು ನನ್ನ ಪರವಾಗಿ ವಾದಿಸಲು ಶುರುಮಾಡುವವನೇ. ನನ್ನ ಬುದ್ಧಿ ನನಗೆ ಗೊತ್ತು.

ನಾನು ನಾಸಿಕದಲ್ಲಿ ಹೋಟೆಲು ನಡೆಸುವವನು. ಭಾವ, ಅಂದರೆ ನನ್ನ ಸರೋಜಕ್ಕನ ಗಂಡ ಸದಾನಂದ, ಸಂಭಾಜಿನಗರದಲ್ಲಿ. ಇಬ್ಬರೂ ಕುಂದಾಪುರದ ಕಡೆಯವರು, ಇಬ್ಬರದೂ ಇಡ್ಲಿ-ದೋಸೆಯ ಹೋಟೆಲು, ಇಬ್ಬರ ಬೋರ್ಡಿನ ಮೇಲೂ ‘ಶುದ್ಧ ಶಾಕಾಹಾರಿ’. ಬೋರ್ಡು ಹೋಟೆಲಿಗೆ ಮಾತ್ರ. ಮನೆಯಲ್ಲಿ ಬಂಗಡೆ ಇಲ್ಲದ ವಾರ ನಮಗೆ ವಾರವೇ ಅಲ್ಲ. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ನಮ್ಮ ಕಡೆಯ ಹೋಟೆಲಿನವರು ಬಹಳ ಮಂದಿ ಹೀಗೇ. ಆದರೆ ಒಂದು ಕಟ್ಟುಪಾಡು ಉಂಟು — ಮೀನಿನ ಸುದ್ದಿ ಹೋಟೆಲಿನ ಹೊಸ್ತಿಲು ದಾಟಬಾರದು. ರಜೆಯ ದಿನ ಮೀನು ತಿಂದವರು ಮರುದಿನ ತಲೆಗೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು. ಭಾವನ ಕಟ್ಟಡದ ಮಾಲೀಕರಂತೂ ಮೊಟ್ಟೆಯ ಹೆಸರನ್ನೂ ಎತ್ತದವರು. ಅವರ ವಾಸ ಹೋಟೆಲಿನ ಮೇಲಿನ ಮಹಡಿಯಲ್ಲೇ, ಬೆಳಗಿನ ಚಹಾ ಭಾವ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಪಕ್ಕದ ಕುರ್ಚಿಯಲ್ಲೇ.

ಅಂಥ ಗಲ್ಲೆಯ ಹಿಂದೆ ಕೂತು ಭಾವ ಮೊಬೈಲಿನಲ್ಲಿ ಗಾಳ ಹಾಕುವ ವಿಡಿಯೋ ನೋಡುತ್ತಿದ್ದರು. ಶಬ್ದ ಬಂದ್ ಮಾಡಿ. ಮಾಲೀಕರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದ ಕೂಡಲೇ ಮೊಬೈಲು ಬೋರಲು. ಅಕ್ಕ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಭಾವ ಗಾಳ ಬೀಸುತ್ತಿದ್ದ ರೀತಿಯನ್ನು ನಾನು ಚಿಕ್ಕಂದಿನಿಂದ ನೋಡಿದವನು. ಅಕ್ಕನನ್ನು ಮದುವೆಯಾದ ಹೊಸತರಲ್ಲಿ ನಮ್ಮೂರಿಗೆ ಬಂದರೆ ಸಂಜೆ ಕಡಲ ತಡಿಯ ಕಪ್ಪು ಬಂಡೆಗಳ ಮೇಲೆ ಅವರೇ. ಆಗ ರಾಡೂ ಇಲ್ಲ, ರೀಲೂ ಇಲ್ಲ. ಬರೀ ದಾರ, ತುದಿಗೆ ಗಾಳ, ಒಂದು ಸೀಸದ ಗುಂಡು. ತಲೆಯ ಮೇಲೆ ತಿರುಗಿಸಿ ಬಿಟ್ಟರೆ ನೊರೆಯ ಸಾಲು ದಾಟಿ, ನೀರು ಹಸಿರಾಗುವಲ್ಲಿ ಬೀಳುತ್ತಿತ್ತು. ಜನ ನಿಂತು ನೋಡುತ್ತಿದ್ದರು. ನನಗೂ ಎಷ್ಟೋ ಸಲ ಹೇಳಿಕೊಟ್ಟರು, ಬೇಸರವಿಲ್ಲದೆ ಹೇಳಿಕೊಟ್ಟರು. ನನ್ನದು ಬಂಡೆಯ ಬುಡದಲ್ಲೇ ಬಿದ್ದು ಸಿಕ್ಕಿಹಾಕಿಕೊಳ್ಳುತ್ತಿತ್ತು, ಅದನ್ನು ಬಿಡಿಸಲು ಭಾವನೇ ಇಳಿಯಬೇಕು. ಆ ಸಿಟ್ಟು ಇಷ್ಟು ವರ್ಷ ನನ್ನೊಳಗೆ ಉಳಿದಿತ್ತು ಎಂದರೆ ನೀವು ನಗಬಹುದು. ಉಳಿದಿತ್ತೋ ಇಲ್ಲವೋ — ಅದೂ ನನಗೆ ಗೊತ್ತಿಲ್ಲ.

ಅರವತ್ತು ಹತ್ತಿರವಾದಾಗ ಭಾವ ಒಂದು ತೀರ್ಮಾನಕ್ಕೆ ಬಂದರು. ಹೋಟೆಲನ್ನು ಪಾಲುದಾರರಿಗೆ ಬಿಟ್ಟು ಊರಿಗೆ ಹೋಗುವುದು. ಕಡಲಿಗೆ ಹತ್ತಿರದಲ್ಲಿ ಒಂದು ಚಿಕ್ಕ ಮನೆ ನೋಡಿಟ್ಟಿದ್ದರು. ದಿನಾ ಬೆಳಿಗ್ಗೆ ಬಂಡೆ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಬಂಡೆ. ಅಕ್ಕನಿಗೂ ಒಪ್ಪಿಗೆ. ಅದಕ್ಕೆ ಮೊದಲು ರಜೆಯಲ್ಲಿ ಒಮ್ಮೆ ಹೋಗಿ ಗಾಳ ಹಾಕಿ ಕೈ ನೋಡಿಕೊಂಡು ಬರುವುದು, ಆಮೇಲೆ ಮನೆಯ ಮಾತು ಮುಗಿಸುವುದು ಎಂದು ನಿಶ್ಚಯವಾಯಿತು. ಈ ವಯಸ್ಸಿಗೆ ದಾರ ಬೀಸುವುದು ಬೇಡ, ಒಳ್ಳೆಯ ರಾಡು-ರೀಲೇ ಇರಲಿ ಎಂದರು. ಆದರೆ ಸಂಭಾಜಿನಗರದಲ್ಲಿ ಕೊಳ್ಳುವ ಹಾಗಿಲ್ಲ. ಯಾರಾದರೂ ನೋಡಿ ಮಾಲೀಕರ ಕಿವಿಗೆ ಹಾಕಿದರೆ ಅಷ್ಟೇ. ನಮ್ಮ ದೇವಳಾಲಿ ಕ್ಯಾಂಪಿನಲ್ಲಿ ನಿವೃತ್ತ ಸೈನಿಕರೊಬ್ಬರ ಅಂಗಡಿ ಇತ್ತು, ಗಾಳದ ಸಾಮಾನು ಸಿಗುತ್ತಿತ್ತು. ನನಗೆ ಫೋನು ಬಂತು.

“ಹತ್ತಡಿ ಇರ್ಕ್ ಮಾರಾಯ. ಬಂಡೆ ಮೇಲೆ ನಿಂತ್ ನೊರೆ ದಾಟಿಸುಕೆ ಗಿಡ್ಡದ್ ಆತಿಲ್ಲೆ. ರೀಲೂ ಉಪ್ಪುನೀರಿಗ್ ತಡ್ಕಂಬದ್ದೇ ಆಯ್ಕ್,” ಎಂದರು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು?

ಅಂಗಡಿಯವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, “ಡ್ಯಾಮ್ ಕಾ ಯಾ ಸಮುಂದರ್ ಕಾ?” ಸಮುದ್ರದ್ದು ಎಂದೆ. ಹತ್ತಡಿಯದನ್ನು ತೆಗೆದು ತೋರಿಸಿದರು. ಎರಡು ತುಂಡು, ದಪ್ಪ ಬುಡ, ದೊಡ್ಡ ರೀಲು. ತೂಕದ ಗಾಳ ಕಟ್ಟಿ ಜೋರಾಗಿ ಎಸೆಯಬಹುದು. ನಾನು ಕೈಯಲ್ಲಿ ಹಿಡಿದೆ. ಯಾರದೋ ಸಾಮಾನು ಹಿಡಿದ ಹಾಗಿತ್ತು. ಪಕ್ಕದಲ್ಲಿ ಏಳಡಿಯದೊಂದು ಒರಗಿಸಿಟ್ಟಿದ್ದರು. ಸುಮ್ಮನೆ ಎತ್ತಿದೆ, ಗಾಳಿಯಲ್ಲಿ ಒಮ್ಮೆ ಬೀಸಿದೆ. ತುದಿ ಬಳುಕಿ ನಿಂತಿತು. ಅದರ ಚಿಕ್ಕ ರೀಲು ತಿರುಗುವಾಗ ಸದ್ದೇ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಕೈಗೂ ಗಾಳ ಹಾಕಲು ಬರುತ್ತದೆ ಅನ್ನಿಸಿತು.

ಅಂಗಡಿಯವರು ಎಚ್ಚರಿಸಿದರು. ಅದು ನಿಂತ ನೀರಿಗೆ, ಹಗುರ ಗಾಳಕ್ಕೆ. ಭಾರದ್ದು ಕಟ್ಟಿದರೆ ಎಸೆಯಲಾಗದು, ಹಗುರದ್ದು ಕಟ್ಟಿದರೆ ಕಡಲ ಗಾಳಿ ಬಿಡುವುದಿಲ್ಲ ಎಂದರು. ಹಿಡಿಯ ಹತ್ತಿರ ಅದು ಎಷ್ಟು ತೂಕ ತಾಳುತ್ತದೆ ಎಂದು ಬರೆದದ್ದನ್ನು ಬೆರಳಿಟ್ಟು ತೋರಿಸಿದರು. ನಾನು ಓದಿದೆ. ಓದಿಯೂ ಅದನ್ನೇ ಕಟ್ಟಿಸಿದೆ.

ಯಾಕೆ? ಅಂದು ನನಗೆ ನಾನೇ ಹೇಳಿಕೊಂಡ ಕಾರಣ ಒಂದಿತ್ತು. ನಾಸಿಕದಿಂದ ಬಸ್ಸಿನಲ್ಲಿ ಒಯ್ದು, ಆ ಮಾಲೀಕರ ಮೂಗಿನ ಕೆಳಗೆ ಒಳಗೆ ಸಾಗಿಸಬೇಕು. ಹೋಟೆಲಿಗೆಂದು ತರುವ ಬಾಳೆಲೆಯ ಕಟ್ಟಿನೊಳಗೆ ಸುತ್ತಿ ಒಯ್ಯುವುದೆಂದು ಮಾತಾಗಿತ್ತು, ಹತ್ತಡಿಯದರ ತುಂಡು ಕಟ್ಟಿನಿಂದ ಹೊರಗೆ ಇಣುಕುತ್ತಿತ್ತು. ಇದು ಸುಳ್ಳಲ್ಲ. ಆದರೆ ಪರದೆಯ ಕೋಲೆಂದು ಕಾಗದ ಸುತ್ತಿದ್ದರೆ ಯಾರು ಕೇಳುತ್ತಿದ್ದರು? ಇನ್ನೊಂದು ಕಾರಣ — ರಜೆ ಮುಗಿದ ಮೇಲೆ, ಭಾವ ಊರಲ್ಲಿ ನೆಲೆಸುವವರೆಗೆ ಆ ರಾಡು ನನ್ನ ಮನೆಯ ಅಟ್ಟದಲ್ಲೇ ಇರುವುದೆಂದು ಮೊದಲೇ ತೀರ್ಮಾನವಾಗಿತ್ತು, ಗಂಗಾಪುರ ಡ್ಯಾಮು ನನ್ನ ಮನೆಗೆ ದೂರವಿಲ್ಲ. ಮೂರನೆಯದೂ ಒಂದಿರಬಹುದು. ಒಮ್ಮೆಯಾದರೂ ಭಾವನ ಗಾಳವೂ ಬಂಡೆಯ ಬುಡದಲ್ಲಿ ಬೀಳಲಿ ಎಂದು — ಇಲ್ಲ, ಅಷ್ಟು ಕೆಟ್ಟವನು ನಾನಲ್ಲ. ಅಥವಾ ಹೌದೋ?

ಸಂಭಾಜಿನಗರದಲ್ಲಿ, ಹೋಟೆಲಿನ ಹಿಂದಿನ ದಾಸ್ತಾನು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಬಾಳೆಲೆ ಬಿಡಿಸಿದೆವು. ಭಾವ ರಾಡು ಜೋಡಿಸಿ ಸೂರಿನವರೆಗೆ ಎತ್ತಿ ಹಿಡಿದರು. ಗಿಡ್ಡ ಆಯಿತಲ್ಲ ಎಂಬಂತೆ ನನ್ನ ಮುಖ ನೋಡಿದರು. ಆಗ ನಾನು ಆ ಮಾತು ಹೇಳಿದೆ.

“ಈಗಿನದ್ದೆಲ್ಲ ಹೀಂಗೇ ಭಾವ. ಗಿಡ್ಡ ಇದ್ರೂ ದೂರ ಹೋತ್ತ್.”

ಅವರು ತಲೆಯಾಡಿಸಿದರು. ನನ್ನನ್ನು ನಂಬಿದರು. ಅಂಗಡಿಗೆ ಹೋಗಿ ನೋಡಿ ಬಂದವನು ನಾನು ತಾನೆ.

ರಜೆಯಲ್ಲಿ ಊರಿಗೆ ಜೊತೆಗೇ ಹೋದೆವು. ಅದೇ ಕಪ್ಪು ಬಂಡೆ, ಸಂಜೆಯ ಹೊತ್ತು. ಭಾವನ ಹಳೆಯ ಗೆಳೆಯ ಗೋವಿಂದ ತನ್ನ ಉದ್ದನೆಯ ರಾಡು ಹಿಡಿದು ಪಕ್ಕದಲ್ಲೇ ನಿಂತಿದ್ದ. ಭಾವ ಮೊದಲು ಭಾರದ ಗಾಳ ಕಟ್ಟಿ ಬೀಸಿದರು. ರಾಡು ಮೆತ್ತಗೆ ಬಾಗಿತು, ಗಾಳ ನೊರೆಯ ಈಚೆಗೇ ಬಿತ್ತು. ಹಗುರದ್ದು ಕಟ್ಟಿದರು. ಗಾಳಿ ಅದನ್ನು ತಂದು ಕಾಲಬುಡಕ್ಕೇ ಹಾಕಿತು. ಮತ್ತೆ ಬೀಸಿದರು, ಮತ್ತೆ. ಗೋವಿಂದನದು ಪ್ರತಿ ಸಲವೂ ಹಸಿರು ನೀರಿಗೆ.

“ಎಂತ ಧಣಿಗಳೇ, ಕಾಫಿ ಹೊಯ್ದ್ ಹೊಯ್ದ್ ಕೈ ಮೆತ್ತಗಾಯ್ತಾ?” ಎಂದು ಗೋವಿಂದ ತಮಾಷೆ ಮಾಡಿದ. ಸುತ್ತ ನಿಂತವರು ನಕ್ಕರು. ಭಾವನೂ ನಕ್ಕರು. ಆಮೇಲೆ ರಾಡನ್ನು ಬಂಡೆಗೆ ಒರಗಿಸಿ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಕೈ ಹೋಯ್ತ್ ರಘು,” ಎಂದರು ನನಗೊಬ್ಬನಿಗೇ ಕೇಳುವಂತೆ.

ಗೋವಿಂದನ ರಾಡು ಒಂದೇ ಒಂದು ಸಲ ಕೇಳಿ ತೆಗೆದು ಭಾವನ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಗೋವಿಂದ ಕೊಡುತ್ತಿದ್ದ. ನಾನು ಬಾಯಿ ತೆರೆದೆನೋ ಇಲ್ಲವೋ — ತೆರೆದ ನೆನಪು ಇದೆ, ಮಾತಿನ ನೆನಪಿಲ್ಲ. ಆಡಿದ್ದರೆ ನೆನಪಿರುತ್ತಿತ್ತು. ಆ ಸಂಜೆ ರಾಡನ್ನೂ ರೀಲನ್ನೂ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಗುಲಗಂಜಿಯಷ್ಟೂ ಉಪ್ಪು ಉಳಿಯದ ಹಾಗೆ ಒಣಗಿಸಿದೆ. ನನ್ನ ಸಾಮಾನು ಎನ್ನುವ ಹಾಗೆ ಒರೆಸಿದೆ. ಬೆಳಿಗ್ಗೆ ಭಾವ, ನೀನೇ ಇಟ್ಟುಕೋ ಎಂದು ಅದನ್ನು ನನಗೇ ಕೊಟ್ಟುಬಿಟ್ಟರು.

ಕಡಲ ಹತ್ತಿರದ ಮನೆಯ ಮಾತು ಅಲ್ಲಿಗೇ ನಿಂತಿತು. ಅಲ್ಲಿ ಹೋಗಿ ಕೂತು ಮಾಡುವುದೇನು ಎಂದು ಭಾವ ಅಕ್ಕನನ್ನು ಕೇಳಿದರಂತೆ. ಸಂಭಾಜಿನಗರದ ಕಟ್ಟಡದ ಬಾಡಿಗೆ ಕರಾರನ್ನು ಮುಂದುವರಿಸಿ ಮತ್ತೆ ಗಲ್ಲೆಯ ಹಿಂದೆ ಕೂತರು. ಮೊಬೈಲಿನಲ್ಲಿ ವಿಡಿಯೋ ನೋಡುವುದನ್ನೂ ಬಿಟ್ಟರು. ಊರಲ್ಲಿ ಏನಾಯಿತು ಎಂದು ಅಕ್ಕ ನನ್ನನ್ನು ಕೇಳಿದಳು. ಏನಿಲ್ಲ, ಅವರಿಗೇ ಮನಸ್ಸು ಬದಲಾಯಿತು ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಾದರೂ ಒಂದು ರಾಡಿನ ಆಸೆ ಇತ್ತು, ಇದಕ್ಕೆ ಏನೂ ಇರಲಿಲ್ಲ, ಬರೀ ಹೆದರಿಕೆ.

ನಾನಂತೂ ಡ್ಯಾಮಿಗೆ ಹೋದೆ. ವರ್ಷಗಟ್ಟಲೆ ಹೋದೆ. ಆ ನೀರಿಗೆ ಆ ರಾಡು ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಗಾಳ ಅಂದುಕೊಂಡಲ್ಲಿ ಬೀಳುತ್ತದೆ. ಪ್ರತಿ ಸಲ ಹಾಗೆ ಬಿದ್ದಾಗಲೂ ಒಂದು ಸಂತೋಷ, ಅದರ ಬೆನ್ನಿಗೇ ಭಾವ ಕೈ ತಿರುಗಿಸಿ ನೋಡಿಕೊಂಡದ್ದು ಕಣ್ಣ ಮುಂದೆ. ಆದರೂ ಹೋಗುವುದನ್ನು ಬಿಡಲಿಲ್ಲ.

ಕಳೆದ ತಿಂಗಳು ಸಂಭಾಜಿನಗರಕ್ಕೆ ಹೋಗಿದ್ದೆ. ಭಾವ ನನಗೆಂದು ಕಾಫಿ ತಾವೇ ತಂದರು. ಬಟ್ಟಲು ತಟ್ಟೆಯ ಮೇಲೆ ಕಟಕಟ ಸದ್ದು ಮಾಡುತ್ತಿತ್ತು. ಬಲಗೈ ನಡುಗುತ್ತಿತ್ತು. ಡಾಕ್ಟರು ನರದ ತೊಂದರೆ, ನಿಧಾನವಾಗಿ ಹೆಚ್ಚುತ್ತದೆ ಎಂದಿದ್ದಾರಂತೆ. ಭಾವನ ಮುಖದಲ್ಲಿ ದುಃಖವೇನೂ ಇರಲಿಲ್ಲ. ನನ್ನ ಎದುರು ಕೂತು, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಹೇಳಿದರು:

“ಅವತ್ತ್ ಬಂಡೆ ಮೇಲೇ ಈ ಕೈ ಹೇಳಿತ್ ಕಾಣ್. ನೀ ಆ ರಾಡ್ ತಂದ್ ಕೊಟ್ಟದ್ದ್ ಒಳ್ಳೇದಾಯ್ತ್ ರಘು. ಇಲ್ದಿರೆ ಎಲ್ಲ ಬಿಟ್ಟ್ ಊರಿಗ್ ಹೋಯಿ, ಅಲ್ಲ್ ಗೊತ್ತಾತಿತ್ತ್.”

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಅಂದಿನಿಂದ ನನ್ನ ತಲೆ ಒಂದು ಕಡೆ ನಿಂತಿಲ್ಲ. ಅವರು ಹೇಳಿದ್ದೇ ನಿಜವಿರಬಹುದಲ್ಲ? ರೋಗ ಅಂದೇ ಕೈಯೊಳಗೆ ಸೇರಿದ್ದರೆ ಹತ್ತಡಿಯ ರಾಡಿನಿಂದಲೂ ಗಾಳ ಈಚೆಗೇ ಬೀಳುತ್ತಿತ್ತು. ಹಾಗಾದರೆ ನಾನು ಮಾಡಿದ್ದು ಏನೂ ಇಲ್ಲ. ಹೀಗೆ ಯೋಚಿಸಿದಾಗ ಒಂದು ಘಳಿಗೆ ಎದೆ ಹಗುರಾಗುತ್ತದೆ, ಮರುಘಳಿಗೆಗೆ ಅಸಹ್ಯವಾಗುತ್ತದೆ — ಭಾವನ ರೋಗದಲ್ಲಿ ನಾನು ಬಿಡುಗಡೆ ಹುಡುಕುತ್ತಿದ್ದೇನಲ್ಲ. ಕೈ ಅಂದು ಸರಿಯಾಗಿಯೇ ಇದ್ದಿದ್ದರೆ? ಆಗ ಕಡಲ ಹತ್ತಿರದ ಅಷ್ಟೂ ವರ್ಷಗಳು, ಗಟ್ಟಿ ಕೈಯ ವರ್ಷಗಳು, ನನ್ನಿಂದಲೇ ಹೋದವು. ಯಾವುದು ನಿಜವೆಂದು ಅಂದು ಒಂದು ಉದ್ದದ ರಾಡು ಹೇಳಬಹುದಿತ್ತು. ಇವತ್ತು ಯಾವ ರಾಡೂ ಹೇಳಲಾರದು.

ಅಟ್ಟದಿಂದ ಅದನ್ನು ಇಳಿಸಿದ್ದೇನೆ. ನಾಳೆಯ ಬಸ್ಸಿಗೆ ಸಂಭಾಜಿನಗರಕ್ಕೆ ಹೋಗುವವನಿದ್ದೇನೆ. ದಾಸ್ತಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಹಿಡಿಯ ಹತ್ತಿರದ ಆ ಬರಹವನ್ನು ಭಾವನಿಗೆ ತೋರಿಸುತ್ತೇನೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದೆ. ‘ಭಾವ, ಅವತ್ತು ಸೋತದ್ದು ನಿಮ್ಮ ಕೈಯಲ್ಲ’ ಎಂದು ಶುರುಮಾಡೋಣ ಅಂದುಕೊಂಡೆ. ಹೇಳಲಾಗದು, ಯಾಕೆಂದರೆ ಅದು ನನಗೆ ಗೊತ್ತಿಲ್ಲ. ‘ನಿಮ್ಮ ಒಳ್ಳೆಯದಕ್ಕೇ’ ಎನ್ನುವುದು ಸುಳ್ಳು. ‘ಉದ್ದದ್ದು ಬಾಳೆಲೆಯ ಕಟ್ಟಿನಲ್ಲಿ ಹಿಡಿಯಲಿಲ್ಲ’ ಎನ್ನುವುದು ಅರ್ಧ ಸುಳ್ಳು. ಒಂದೊಂದನ್ನೇ ತೆಗೆದುಹಾಕುತ್ತಾ ಬಂದರೆ ಕೊನೆಗೆ ಸುಳ್ಳಲ್ಲದ ಮಾತು ಒಂದೇ ಉಳಿಯುತ್ತದೆ. ಅದೊಂದನ್ನೇ ಹೇಳುತ್ತೇನೆ. ಆಮೇಲೆ ಅವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು.

ರಾಡ್ ಗಿಡ್ಡ ಅಂದ್ ನಂಗ್ ಗೊತ್ತಿತ್ತ್ ಭಾವ.