ಹವಾಲ್ದಾರ್ ಬೀರಯ್ಯನವರ ಮೂರು ಪ್ರಶ್ನೆ

ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಯಾರೂ ಕೇಳುವುದಿಲ್ಲ. ಹೋದ ಕೆಲಸ ಕೆಟ್ಟರೆ ಕೇಳಿದವನ ತಲೆಗೇ ಬರುತ್ತದೆ. ತೀರಾ ತಡೆಯಲಾಗದಿದ್ದರೆ ‘ದೂರ ಹೊರಟ್ರಾ?’ ಎಂದು ಸುತ್ತಿ ಬಳಸಿ ಕೇಳಬೇಕು. ಹವಾಲ್ದಾರ್ ಬೀರಯ್ಯನವರು ಮಾತ್ರ ಎದುರಿಗೆ ಸಿಕ್ಕ ಎಲ್ಲರನ್ನೂ, ಮದುಮಗನನ್ನೂ ಬಿಡದೆ, “ಯಾರು? ಎಲ್ಲಿಗೆ? ಏನ್ ಕೆಲ್ಸ?” ಎಂದು ಕೇಳುತ್ತಿದ್ದರು. ಮಾಗಡಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸದಾ ಖಾಲಿ ಇರುತ್ತಿದ್ದುದು ಇದರಿಂದಲೇ.

ಅವರದು ತಿಪ್ಪಸಂದ್ರದ ಕಡೆ ಕುರಿ ಸಾಕುವ ಮನೆ. ಸೈನ್ಯದಿಂದ ನಿವೃತ್ತರಾಗಿ ಬಂದಾಗ ಮೈಸೂರು ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು. ಒಂದೊಂದಕ್ಕೂ ಗೇಟು, ಒಂದೊಂದು ಗೇಟಿಗೂ ಕಾವಲು. ಅಷ್ಟರಲ್ಲಿ ಹೊಸ ಕಾನೂನು ಬಂತು. ಏಜೆನ್ಸಿಗೆ ಲೈಸೆನ್ಸು ಬೇಕು, ಗಾರ್ಡಿಗೆ ಪೊಲೀಸ್ ವೆರಿಫಿಕೇಷನ್ನು ಬೇಕು, ತರಬೇತಿ ಪಡೆದ ಸರ್ಟಿಫಿಕೇಟು ಬೇಕು. ರಾಮನಗರದ ಅಂಚಿನಲ್ಲಿ, ಹುಳು ಸಾಕುವುದನ್ನು ನಿಲ್ಲಿಸಿದ್ದ ಒಂದು ರೇಷ್ಮೆ ಮನೆಯಲ್ಲಿ ನಮ್ಮ ತರಬೇತಿ ಶುರುವಾಯಿತು. ಬೀರಯ್ಯನವರೇ ಗುರುಗಳು.

ನಾನು ಬಿ.ಎ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆದರೂ ಆ ಗುಂಪಿನಲ್ಲಿ ನಾನೇ ವಿದ್ಯಾವಂತನೆಂಬ ಜಂಬ. ಗೇಟಿನಲ್ಲಿ ನಿಂತುಕೊಳ್ಳುವುದನ್ನು ಕಲಿಯಲು ಇಷ್ಟು ದಿನ ಬೇಕೇ ಎಂದು ಆಡಿಕೊಳ್ಳುತ್ತಿದ್ದೆ. ನನಗೆ ನಿಲ್ಲಲೂ ಬರುವುದಿಲ್ಲವೆಂದು ಮೊದಲ ದಿನವೇ ಗೊತ್ತಾಯಿತು. “ಏನ್ಲಾ ಹಂಗೆ ವಾಲ್ಕೊಂಡು ನಿಂತಿದ್ದೀಯ, ಬಸ್ ಕಾಯ್ತಿದ್ದೀಯೇನ್ಲಾ?” ಎಂದರು. ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಕೀಳದೆ ಒತ್ತೇ ಒತ್ತಿದವನೂ ನಾನೇ. ಉರಿಯುತ್ತಿದ್ದ ಹುಲ್ಲನ್ನು ಕೊನೆಗೆ ಅವರೇ ಬೂಟುಗಾಲಲ್ಲಿ ತುಳಿದು ಆರಿಸಿದರು.

ಆ ಸರ್ಟಿಫಿಕೇಟಿನ ಮೇಲೆ ನನ್ನ ಮದುವೆಯೂ ನಿಂತಿತ್ತು. ಮಾಗಡಿಯ ಕೆಂಪಣ್ಣ ಮಾವ ನಮಗೆ ದೂರದ ನೆಂಟರು. “ಫ್ಯಾಕ್ಟ್ರಿ ಕೆಲ್ಸ ಗ್ಯಾರಂಟಿ ಆಗ್ಲಿ, ಮಂಗಳನ್ನ ಕೊಡ್ತೀನಿ” ಎಂದಿದ್ದರು. ಸರ್ಟಿಫಿಕೇಟಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಮಂಗಳ ಇಲ್ಲ.

ಕ್ಲಾಸು ಮುಗಿದ ಮೇಲೆ ಕಾರ್ಖಾನೆಯ ಗೇಟಿನಲ್ಲೇ ಪ್ರಾಕ್ಟಿಕಲ್. ಮೂರನೆಯ ದಿನ ಪಂಚೆ ಉಟ್ಟು, ಹೆಗಲಿಗೆ ಕಂಬಳಿ ಹಾಕಿ, ಕೈಯಲ್ಲಿ ಚೀಲ ಹಿಡಿದು ಬೀರಯ್ಯನವರೇ ಬಂದರು. ನಾನು ಸೆಲ್ಯೂಟ್ ಹೊಡೆದು, “ಬನ್ನಿ ಸಾರ್, ಕಾಫಿ ಕುಡೀತೀರಾ?” ಎಂದು ಗೇಟು ತೆರೆದೆ. ಅವರು ಒಳಗೆ ಬಂದು ಚೀಲದಿಂದ ಒಂದು ಇಟ್ಟಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಇದು ಬಾಂಬ್ ಆಗಿದ್ರೆ?”

“ನೀವು ತಾನೇ ಸಾರ್ ತಂದಿದ್ದು?”

“ನಾನಾದ್ರೇನ್ಲಾ? ಚೀಲ ನೋಡ್ದ್ಯಾ? ಎಲ್ಲಿಗೆ ಅಂತ ಕೇಳ್ದ್ಯಾ? ಫೇಲ್ ಕಣ್ಲಾ.”

‘ಹೋಗ್ಲಿ, ಒಂದು ಸೈನ್ ಹಾಕ್ಬಿಡಿ’ ಎಂದು ಏಜೆನ್ಸಿಯವರು ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. “ಕೇಳಾಕೇ ಬಾಯಿ ಬರ್ದೋನ್ಗೆ ನಾನ್ ಸೈನ್ ಹಾಕಾಕಿಲ್ಲ. ಇನ್ನೊಂದು ವಾರ ನೋಡ್ತೀನಿ” ಎಂದರು. ಆ ವಾರವೆಲ್ಲ ನಾನು ಮನೆಯ ಎಮ್ಮೆಯ ಮುಂದೆ ನಿಂತು “ಎಲ್ಲಿಗೆ? ಎಲ್ಲಿಗೆ?” ಎಂದು ಅಭ್ಯಾಸ ಮಾಡಿದೆ. ಎಮ್ಮೆ ಸುಮ್ಮನಿತ್ತು, ಅವ್ವ ಮಾತ್ರ ಬಾಯಿಗೆ ಬಂದಂತೆ ಬೈದಳು.

ಮರುಪರೀಕ್ಷೆಯ ದಿನ ಬೀರಯ್ಯನವರು ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಹನ್ನೊಂದರ ಹೊತ್ತಿಗೆ ಗರಿಗರಿ ಬಿಳಿ ಪಂಚೆ, ಕೈಚೀಲ, ಮುಖದ ತುಂಬ ನಗು ಹೊತ್ತು ಬಂದವರು ಬೇರೆ ಯಾರೂ ಅಲ್ಲ, ಕೆಂಪಣ್ಣ ಮಾವ. ಅಳಿಯನಾಗುವವನು ಯೂನಿಫಾರ್ಮಿನಲ್ಲಿ ಹೇಗೆ ಕಾಣುತ್ತಾನೆಂದು ನೋಡುವ ಆಸೆ. ನಾನು ಬೀರಯ್ಯನವರ ಮುಖ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕೇಳಿಬಿಟ್ಟೆ: “ಯಾರು? ಎಲ್ಲಿಗೆ? ಏನ್ ಕೆಲ್ಸ? ಚೀಲ ಬಿಚ್ಚಿ.”

ಚೀಲದಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಹೂವು.

“ಛತ್ರ ಗೊತ್ತು ಮಾಡಾಕೆ ಹೊರಟೋನ್ನ ಎಲ್ಲಿಗೆ ಅಂತೀಯಲ್ಲೋ ಸನಿ!” ಎಂದು ಮಾವ ಬಾಳೆಹಣ್ಣಿನ ಸಮೇತ ತಿರುಗಿ ಬಸ್ ಸ್ಟಾಪಿನ ಕಡೆ ನಡೆದರು. ಬೀರಯ್ಯನವರು ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಸೈನ್ ಹಾಕಿದರು. “ಪಾಸ್ ಕಣ್ಲಾ.”

“ಸಾರ್, ಮಂಗಳ?” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿ, ಓಡಿ ಹೋಗಿ ಮಾವ ಹತ್ತಿದ ಬಸ್ಸನ್ನೇ ಹತ್ತಿದರು. ಬೀರಯ್ಯನವರ ಪಕ್ಕದ ಸೀಟು ಖಾಲಿ ಇಲ್ಲದ ಪ್ರಯಾಣ ಬಹುಶಃ ಅದೊಂದೇ. ಬಸ್ಸಿನಲ್ಲಿ ಅವರು ಹೇಳಿದ್ದನ್ನು ಮಾವ ಮದುವೆಯ ದಿನ ಎಲ್ಲರೆದುರು ಹೇಳಿದರು: “ಮಾವನ್ನೇ ಬುಡದೋನು, ನಿಮ್ ಮಗಳಿರೋ ಮನೆ ಬಾಗಿಲಲ್ಲಿ ಇನ್ಯಾರ್ನ ಬುಟ್ಟಾನು ಗೌಡ್ರೇ?” ಮಂಗಳ ಇವತ್ತಿಗೂ ನನ್ನ ಕಾವಲನ್ನು ಅಷ್ಟಾಗಿ ನಂಬಿದವಳಲ್ಲ. ಹಾಲು ಬೆಕ್ಕಿನ ಪಾಲಾದಾಗಲೆಲ್ಲ ನನ್ನ ಸರ್ಟಿಫಿಕೇಟನ್ನು ನೆನಪಿಸುತ್ತಾಳೆ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಬೀರಯ್ಯನವರು ಅದೇ ಗೇಟಿಗೆ ಬಂದರು. ಅಂಗಿ ಮೈಮೇಲೆ ಜೋಲಾಡುತ್ತಿತ್ತು. ನಾನು ನೆಟ್ಟಗೆ ನಿಂತು ಮೂರೂ ಪ್ರಶ್ನೆ ಕೇಳಿದೆ. ಅವರು ಅಟೆನ್ಷನ್ನಿನಲ್ಲಿ ನಿಂತು ಉತ್ತರಿಸಿದರು: “ಬೀರಯ್ಯ. ನಿನ್ ತಾವ್ಕೇ. ನಿನ್ನ ಒಸಿ ನೋಡಾದು ಬುಟ್ರೆ ಬ್ಯಾರೆ ಕೆಲ್ಸ ಇಲ್ಲ.” ನಿಯಮದಂತೆ ಚೀಲವನ್ನೂ ನೋಡಿದೆ. ಒಂದು ಟವೆಲ್ಲು, ಬೆಂಗಳೂರಿನ ಆಸ್ಪತ್ರೆಯ ಕಾಗದಗಳು, ಎದೆಯ ಎಕ್ಸ್‌ರೇ. ನೋಡಬಾರದಿತ್ತು ಅನ್ನಿಸಿತು. ಕಾಗದಗಳನ್ನು ಇದ್ದ ಹಾಗೇ ಮಡಿಸಿ ಚೀಲದೊಳಗಿಟ್ಟೆ. ಇಬ್ಬರೂ ಕಾಫಿ ಕುಡಿದೆವು. ನಾನು ನಿಲ್ಲುವ ರೀತಿ ಸುಧಾರಿಸಿದೆ ಎಂದರು.

ಹೊರಡುವಾಗ ರಿಜಿಸ್ಟರಿಗೆ ಸಹಿ ಹಾಕಿ, ಗೇಟು ದಾಟಿ, ತಿರುಗಿ ನಿಂತರು. ಕೇಳು ಎಂಬಂತೆ ಹುಬ್ಬು ಹಾರಿಸಿದರು. ಆ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ.

“ದೂರ ಹೊರಟ್ರಾ ಸಾರ್?” ಎಂದೆ.

ಅವರು ಕೆಮ್ಮು ಬರುವ ತನಕ ನಕ್ಕರು. “ಫೇಲ್ ಕಣ್ಲಾ” ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಎರಡು ತಿಂಗಳಿಗೆ ತಿಪ್ಪಸಂದ್ರದಿಂದ ಸುದ್ದಿ ಬಂತು. ನನ್ನ ಮರುಪರೀಕ್ಷೆ ಹಾಗೇ ಉಳಿಯಿತು.